ಬೀದಿಯಲ್ಲಿ ತಡೆದು ಕೇಳುವ ಅಧಿಕಾರ ಯಾರದು? ಧರ್ಮದ ಹೆಸರಿನ ಗಸ್ತು ಮತ್ತು ಕಾನೂನಿನ ಮಿತಿ: ಅಧ್ಯಯನ ಟಿಪ್ಪಣಿ

ಧರ್ಮದ ಹೆಸರಿನಲ್ಲಿ ಗುಂಪು ಕಟ್ಟಿ ಗಸ್ತು ತಿರುಗುತ್ತಾ ಜನರನ್ನು ತಡೆದು ಪ್ರಶ್ನಿಸುವವರ ವಿಷಯ ಪಿಎಸ್‌ಐ ಪರೀಕ್ಷೆಗೂ ಬೇಕು, ಎಲ್‌ಎಲ್‌ಬಿ ಪತ್ರಿಕೆಗೂ ಬೇಕು. ರಾಯಚೂರಿನಲ್ಲಿ ನಾವು ಕೆಲವರು ಸೇರಿ ಓದುತ್ತೇವೆ. ನಮ್ಮಲ್ಲಿ ಇದರ ಮೇಲೆ ನಡೆದಷ್ಟು ವಾದ ಬೇರೆ ಯಾವ ಅಧ್ಯಾಯದ ಮೇಲೂ ನಡೆದಿಲ್ಲ. ಸೆಕ್ಷನ್ ನಂಬರ್ ಎಲ್ಲ ಬಾಯಿಪಾಠ ಆಗಿರುತ್ತದೆ. ಆದರೆ "ಇಂಥ ಗಲಾಟೆಯಲ್ಲಿ ಪೊಲೀಸರು ಬೆಳಿಗ್ಗೆ ಹಿಡಿದವರು ಸಂಜೆಗೆ ಮನೆಯಲ್ಲಿ ಹೇಗೆ?" ಎಂದು ಯಾರಾದರೂ ಕೇಳಿದರೆ ಉತ್ತರ ತಡವರಿಸುತ್ತದೆ. ಉತ್ತರ ಸೆಕ್ಷನ್‌ಗಳಲ್ಲಿ ಕಡಿಮೆ, ಠಾಣೆಯ ಮೊದಲ ಒಂದು ಗಂಟೆಯಲ್ಲಿ ಜಾಸ್ತಿ ಇದೆ ಎನ್ನುವುದು ನನ್ನ ಅಭಿಪ್ರಾಯ. ಹೇಗೆ ಅಂತ ನೋಡೋಣ.

ಒಂದು ಕಲ್ಪಿತ ಸಮಸ್ಯೆ

ರಾಯಚೂರಿನ ಮಾವಿನಕೆರೆ ದಂಡೆ, ಸಂಜೆ ಹೊತ್ತು. ಒಂದೇ ಕಾಲೇಜಿನ ಹುಡುಗ ಹುಡುಗಿ ಬೈಕ್ ನಿಲ್ಲಿಸಿ ಮಂಡಾಳು, ಮಿರ್ಚಿ ತಿನ್ನುತ್ತಾ ಮಾತಾಡುತ್ತಿದ್ದಾರೆ. ಆರು ಜನ ಬರುತ್ತಾರೆ. ಎಲ್ಲರ ಹೆಗಲ ಮೇಲೂ ಒಂದೇ ಬಣ್ಣದ ಶಾಲು. ಯಾವ ಬಣ್ಣ ಅಂತ ಬೇಕೆಂದೇ ಬರೆದಿಲ್ಲ, ಬಣ್ಣ ಬದಲಾದರೆ ಉತ್ತರ ಬದಲಾಗಬಾರದು. ಒಬ್ಬ ಬೈಕಿನ ಕೀ ಕಿತ್ತುಕೊಳ್ಳುತ್ತಾನೆ. "ಯಾವೂರಲೇ ನಿಂದು? ಹೆಸ್ರೇನು? ಕಾಲೇಜ್ ಕಾರ್ಡ್ ತೋರ್ಸು." ಇನ್ನೊಬ್ಬ ಮೊಬೈಲ್ ಹಿಡಿದು ಹುಡುಗಿಯ ಮುಖದ ಹತ್ತಿರ ತಂದು ವಿಡಿಯೋ ಮಾಡುತ್ತಾನೆ, ಅವರಪ್ಪನ ನಂಬರ್ ಕೇಳುತ್ತಾನೆ. "ಕೇಳೋಕೆ ನೀವ್ಯಾರು?" ಅಂದ ಹುಡುಗನಿಗೆ ಕೆನ್ನೆಗೆ ಏಟು. "ಇನ್ನೊಮ್ಮೆ ಇಲ್ಲಿ ಕಂಡ್ರೆ ಕೈಕಾಲು ಮುರೀತೀವಿ" ಎಂದು ಕೀ ಎಸೆದು ಹೋಗುತ್ತಾರೆ.

ಈಗ ಭಾರತೀಯ ನ್ಯಾಯ ಸಂಹಿತೆ ತೆಗೆಯಿರಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದದ್ದು ಇದೇ.

ಕೆನ್ನೆಗೆ ಹೊಡೆದದ್ದು 115(2). ಬೈದದ್ದು 352. ಬೆದರಿಸಿದ್ದು 351(3), ಕೈಕಾಲು ಮುರಿಯುವುದು ಗಂಭೀರ ಗಾಯವಾದ್ದರಿಂದ. ಮೂರೂ ಅಸಂಜ್ಞೇಯ ಅಪರಾಧಗಳು. ಅಂದರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹುಡುಗ ಠಾಣೆಗೆ ಹೋಗಿ "ಹೊಡೆದರು, ಬೈದರು, ಹೆದರಿಸಿದರು" ಅಂತ ಇಷ್ಟೇ ಹೇಳಿದರೆ "ಎನ್‌ಸಿ" (ಅಸಂಜ್ಞೇಯ ಎಂದು ಬರೆದುಕೊಳ್ಳುವುದು) ಮಾಡಿ ಕಳಿಸಬಹುದು. ಅದು ಕಾನೂನಿನ ಪ್ರಕಾರ ತಪ್ಪೂ ಅಲ್ಲ.

ಆದರೆ ಕೀ ಕಿತ್ತುಕೊಂಡು ಹೋಗಲು ಬಿಡಲಿಲ್ಲ ಅಲ್ವಾ? ಅದು ಅಕ್ರಮ ತಡೆ, 126(2). ಶಿಕ್ಷೆ ತೀರಾ ಸಣ್ಣದು: ಒಂದು ತಿಂಗಳ ಸಾದಾ ಸಜೆ, ಇಲ್ಲವೇ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಆದರೂ ಇದು ಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟ್ ಆದೇಶಕ್ಕೆ ಕಾಯದೆ ಪೊಲೀಸರು ತನಿಖೆ ಮಾಡಬಹುದು. ಒಂದೇ ಪ್ರಕರಣದಲ್ಲಿ ಒಂದು ಸಂಜ್ಞೇಯ ಅಪರಾಧ ಇದ್ದರೆ ಉಳಿದವೂ ಸಂಜ್ಞೇಯದಂತೆಯೇ ತನಿಖೆಗೆ ಬರುತ್ತವೆ. ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ರ ಉಪಸೆಕ್ಷನ್ (4) ಹೇಳುವುದು ಇದನ್ನೇ. ಹಳೆಯ ಎಫ್‌ಐಆರ್‌ಗಳಲ್ಲಿ ಐಪಿಸಿಯ 341 (ಅಕ್ರಮ ತಡೆ), 323, 504, 506 ಸಾಲಾಗಿ ಕಾಣುತ್ತಿತ್ತು. ಅದರಲ್ಲಿ 341 ಎಷ್ಟು ಕೆಲಸ ಮಾಡುತ್ತಿತ್ತು ಎನ್ನುವುದು ನನಗೆ ಇದನ್ನು ಓದಿದ ಮೇಲೆ ತಿಳಿಯಿತು. ದೂರಿನಲ್ಲಿ "ಕೀ ಕಿತ್ತುಕೊಂಡು ನಮ್ಮನ್ನು ತಡೆದು ನಿಲ್ಲಿಸಿದರು" ಎಂಬ ಒಂದು ವಾಕ್ಯ ಇರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟು ವ್ಯತ್ಯಾಸ. ಸುತ್ತುವರಿದು ಯಾವ ಕಡೆಗೂ ಹೋಗಲು ಬಿಡದಿದ್ದರೆ ಅದು ಅಕ್ರಮ ಬಂಧನ, 127(2). ಅದಕ್ಕೆ ಒಂದು ವರ್ಷದ ತನಕ ಸಜೆ.

ಇನ್ನೊಂದು ಲೆಕ್ಕ, ತಲೆಗಳದ್ದು. ಐದು ಅಥವಾ ಹೆಚ್ಚು ಜನ ಅಪರಾಧದ ಉದ್ದೇಶಕ್ಕೆ ಸೇರಿದರೆ ಅದು ಕಾನೂನುಬಾಹಿರ ಕೂಟ, 189. ಆ ಕೂಟದಲ್ಲಿ ಒಬ್ಬ ಬಲಪ್ರಯೋಗ ಮಾಡಿದರೂ ಅದು ದೊಂಬಿ, 191(2), ಎರಡು ವರ್ಷದ ತನಕ. 190ರ ಪ್ರಕಾರ ಸಮಾನ ಉದ್ದೇಶಕ್ಕಾಗಿ ನಡೆದ ಅಪರಾಧಕ್ಕೆ ಕೂಟದ ಪ್ರತಿಯೊಬ್ಬನೂ ಹೊಣೆ. "ನಾನು ಸುಮ್ನೆ ವಿಡಿಯೋ ಮಾಡುತ್ತಿದ್ದೆ ಸಾರ್" ಅನ್ನುವವನೂ ಇದರಲ್ಲಿ ಬರುತ್ತಾನೆ. ಆದರೆ ದೂರಿನಲ್ಲಿ "ನಾಲ್ವರು" ಅಂತ ಬರೆದರೆ ಈ ಮೂರೂ ಸೆಕ್ಷನ್ ನಿಲ್ಲುವುದಿಲ್ಲ. ಹೆಸರು ಗೊತ್ತಿರುವವರು ನಾಲ್ವರೇ ಇರಬಹುದು. ಆಗಲೂ "ಜೊತೆಗೆ ಇನ್ನೂ ಇಬ್ಬರು ಅಪರಿಚಿತರು, ನೋಡಿದರೆ ಗುರುತಿಸುತ್ತೇನೆ" ಎಂದು ಬರೆಸಬೇಕು.

ಹುಡುಗಿಯ ಮುಖದ ಹತ್ತಿರ ಮೊಬೈಲ್ ತಂದದ್ದಕ್ಕೆ 79ನ್ನು ಯೋಚಿಸಿ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆ, ಖಾಸಗಿತನದ ಅತಿಕ್ರಮಣ ಇದರೊಳಗೆ ಬರುತ್ತದೆ. ಮೈಮುಟ್ಟಿ ಎಳೆದಿದ್ದರೆ 74. "ನಾವು ಪೊಲೀಸ್ ಕಡೆಯವರು" ಎಂದು ಸುಳ್ಳು ಹೇಳಿ ಕಾರ್ಡ್ ಕೇಳಿದ್ದರೆ 204, ಕನಿಷ್ಠ ಆರು ತಿಂಗಳು, ಮೂರು ವರ್ಷದ ತನಕ. ಶಾಲು ಹೊದ್ದದ್ದಕ್ಕೆ ಮಾತ್ರ ಯಾವ ಸೆಕ್ಷನ್ನೂ ಇಲ್ಲ. 205 ಅನ್ವಯಿಸುವುದು ಸರ್ಕಾರಿ ನೌಕರರ ಉಡುಪನ್ನು ಹೋಲುವಂಥದ್ದು ತೊಟ್ಟಾಗ.

ಹಾಗಾದರೆ ಜನರಿಗೆ ಇರುವ ಅಧಿಕಾರ ಎಷ್ಟು?

ಗಸ್ತಿನವರು ಯಾವಾಗಲೂ ಹೇಳುವ ಮಾತು "ನಾಗರಿಕನಿಗೂ ಹಿಡಿಯುವ ಹಕ್ಕಿದೆ" ಎಂದು. ಇದೆ, ಸುಳ್ಳಲ್ಲ. ಸುರಕ್ಷಾ ಸಂಹಿತೆಯ ಸೆಕ್ಷನ್ 40. ಷರತ್ತು ಓದಿ. ಅಪರಾಧ ಸಂಜ್ಞೇಯವೂ ಇರಬೇಕು, ಜಾಮೀನುರಹಿತವೂ (ಜಾಮೀನು ಹಕ್ಕಾಗಿ ಸಿಗದಂಥದ್ದು) ಇರಬೇಕು. ಅದು ಅವನ ಕಣ್ಣೆದುರೇ ನಡೆಯಬೇಕು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಘೋಷಿತ ಅಪರಾಧಿಯನ್ನೂ (ತಲೆಮರೆಸಿಕೊಂಡವನೆಂದು ನ್ಯಾಯಾಲಯ ಘೋಷಿಸಿದವನನ್ನು) ಹಿಡಿಯಬಹುದು. ಅಷ್ಟೇ. ಹುಡುಗ ಹುಡುಗಿ ಮಾತಾಡುವುದು ಯಾವ ಅಪರಾಧವೂ ಅಲ್ಲ. ಹಾಗಾಗಿ 40 ಅಲ್ಲಿ ಬರುವುದೇ ಇಲ್ಲ. ಹಿಡಿದವನಿಗೆ ವಿಚಾರಣೆ ಮಾಡುವ, ಮೊಬೈಲ್ ನೋಡುವ, ಬುದ್ಧಿ ಕಲಿಸುವ ಅಧಿಕಾರವನ್ನಂತೂ ಯಾವ ಸೆಕ್ಷನ್ನೂ ಕೊಟ್ಟಿಲ್ಲ.

ಬುದ್ಧಿ ಕಲಿಸುವ ಅಧಿಕಾರ ಪೊಲೀಸರಿಗೇ ಇಲ್ಲ. ಗುಜರಾತಿನ ಒಂದು ಪ್ರಕರಣದಲ್ಲಿ ರಾತ್ರಿ ಜೋಡಿಯೊಂದನ್ನು ತಡೆದು ಪೀಡಿಸಿದ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕಾನ್‌ಸ್ಟೆಬಲ್ ವಿಷಯ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ನೈತಿಕ ಪೊಲೀಸ್‌ಗಿರಿ ಪೊಲೀಸರ ಕೆಲಸವಲ್ಲ ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು. ಸಂಬಳ ಪಡೆದು ಸಮವಸ್ತ್ರ ತೊಟ್ಟವರಿಗೆ ಇಲ್ಲದ್ದು ಶಾಲು ಹೊದ್ದವರಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಮಗ್ಗುಲನ್ನೂ ನ್ಯಾಯವಾಗಿ ಹೇಳಬೇಕು. ಗುಂಪಾಗಿ ಬೀದಿಯಲ್ಲಿ ನಡೆಯುವುದು ಅಪರಾಧವಲ್ಲ. ತಮ್ಮ ಧರ್ಮದ ಮಾತು ಹೇಳುವುದು, ಕುಡಿಯಬೇಡಿ ಎಂದು ಕೈಮುಗಿದು ಕೇಳುವುದು, ಕಳ್ಳತನ ಕಂಡರೆ 112ಕ್ಕೆ ಫೋನ್ ಮಾಡುವುದು, ಇವೆಲ್ಲ ಸಂವಿಧಾನದ 19 ಮತ್ತು 25ನೇ ವಿಧಿಗಳ ನೆರಳಿನಲ್ಲೇ ಇವೆ. ಕೇಳಿದವನು "ಬೇಡ" ಅಂದು ಹೊರಟಾಗ ಅವನಿಗೆ ದಾರಿ ಬಿಡಬೇಕು. ಬಿಡದಿದ್ದರೆ ಅಲ್ಲಿಂದ 126 ಶುರು. ಉತ್ತರ ಪತ್ರಿಕೆಯಲ್ಲಿ ಇಷ್ಟನ್ನು ಬರೆಯದೆ ಬರೀ "ಗಸ್ತು ಕಾನೂನುಬಾಹಿರ" ಎಂದರೆ ಅಂಕ ಹೋಗುತ್ತದೆ.

ಲಂಡನ್, ವುಪ್ಪರ್ಟಾಲ್

2013ರ ಜನವರಿಯಲ್ಲಿ ಪೂರ್ವ ಲಂಡನ್‌ನಲ್ಲಿ "ಮುಸ್ಲಿಂ ಪೆಟ್ರೋಲ್" ಹೆಸರಿನಲ್ಲಿ ಕೆಲವು ಯುವಕರು ಕುಡಿದವರನ್ನು, ಗಿಡ್ಡ ಬಟ್ಟೆ ತೊಟ್ಟ ಹೆಣ್ಣುಮಕ್ಕಳನ್ನು ತಡೆದು ಗದರಿಸಿದರು. ವಿಡಿಯೋ ಮಾಡಿ ತಾವೇ ಯೂಟ್ಯೂಬ್‌ಗೆ ಹಾಕಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮೂವರಿಗೆ ಜೈಲಾಯಿತು. ಗಸ್ತು ತಿರುಗಿದರು ಎಂದಲ್ಲ. ಹಲ್ಲೆ, ಬೆದರಿಕೆ, ಬೀದಿ ಗಲಾಟೆಯಂಥ ಮಾಮೂಲಿ ಆರೋಪಗಳೇ ಸಾಕಾದವು.

ಜರ್ಮನಿಯ ವುಪ್ಪರ್ಟಾಲ್ ಊರಿನ ಕಥೆ ಪರೀಕ್ಷೆಗೆ ಇನ್ನೂ ಚೆನ್ನಾಗಿದೆ. 2014ರ ಸೆಪ್ಟೆಂಬರ್‌ನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಮೇಲೆ "ಶರಿಯಾ ಪೊಲೀಸ್" ಎಂದು ಬರೆಸಿಕೊಂಡ ಗುಂಪೊಂದು ರಾತ್ರಿ ಬೀದಿಗಿಳಿಯಿತು. ಅವರು ಯಾರನ್ನೂ ಹೊಡೆಯಲಿಲ್ಲ. ಮದ್ಯ, ಜೂಜು ಬೇಡ ಎಂದು ಮುಸ್ಲಿಂ ಹುಡುಗರಿಗೆ ಹೇಳುತ್ತಾ ಹೋದರು. ಆಗ ಯಾವ ಕಾನೂನು? ಸಭೆಗಳ ಕಾಯ್ದೆಯಲ್ಲಿ, ರಾಜಕೀಯ ನಿಲುವು ತೋರಿಸಲು ಸಮವಸ್ತ್ರ ತೊಟ್ಟು ಸೇರುವುದಕ್ಕೆ ನಿಷೇಧವಿದೆ. 2016ರಲ್ಲಿ ಕೆಳಗಿನ ನ್ಯಾಯಾಲಯ ಏಳು ಜನರನ್ನು ಬಿಟ್ಟಿತು. 2018ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪು ರದ್ದು ಮಾಡಿತು. 2019ರಲ್ಲಿ ಮರುವಿಚಾರಣೆ ನಡೆದು ದಂಡ ಬಿತ್ತು. ಮೈಮುಟ್ಟದ ಗಸ್ತಿನ ವಿರುದ್ಧ ದಂಡ ಹಾಕಲು ಸುಮಾರು ಐದು ವರ್ಷ ಬೇಕಾಯಿತು.

ಈ ಗಸ್ತುಗಳು ಮೊದಲು ಅಡ್ಡಗಟ್ಟುವುದು ಎಷ್ಟೋ ಸಲ ತಮ್ಮವರನ್ನೇ, ಅದರಲ್ಲೂ ಹುಡುಗಿಯರನ್ನು. ನಮ್ಮ ಜಿಲ್ಲೆಯ ಮುದಗಲ್ ಮೊಹರಂ ನೆನಪಿಸಿಕೊಳ್ಳಿ. ಎಲ್ಲ ಜಾತಿಯವರೂ ಬಂದು ಹರಕೆ ಸಲ್ಲಿಸುತ್ತಾರೆ, ಅಲಾಯಿ ಕುಣಿಯುತ್ತಾರೆ. "ಶುದ್ಧ" ಧರ್ಮ ಕಾಯುವ ಗಸ್ತು ಯಾವ ಕಡೆಯಿಂದ ಬಂದರೂ ಈ ಜನರೆಲ್ಲ ಅದರ ಕಣ್ಣಿಗೆ ತಪ್ಪಿತಸ್ಥರೇ ಆಗುತ್ತಾರೆ.

ನಮ್ಮ ಸೀಮೆಯ ಹಳೆಯ ಗಾಯ

1948ರ ತನಕ ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಖಾಸಿಂ ರಜ್ವಿ ಮುಂದಾಳಾಗಿದ್ದ ರಜಾಕಾರರು ಪೊಲೀಸರಲ್ಲ, ಸೈನಿಕರೂ ಅಲ್ಲ. ಒಂದು ಸಂಘಟನೆಯ ಸ್ವಯಂಸೇವಕರು. ಸರ್ಕಾರ ಅವರನ್ನು ತಡೆಯಲಿಲ್ಲ. ಹಳ್ಳಿಗಳಲ್ಲಿ ಲೂಟಿ, ಹೊಡೆತ, ಕೊಲೆ ನಡೆದವು. ಜನ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಕಡೆ ಓಡಿದರು. ಅಲ್ಲಿ ಹೋರಾಟದ ಶಿಬಿರಗಳು ಎದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳು. 1948ರ ಸೆಪ್ಟೆಂಬರ್ 13ಕ್ಕೆ ಶುರುವಾದ ಭಾರತದ ಸೇನಾ ಕಾರ್ಯಾಚರಣೆ 17ಕ್ಕೆ ಮುಗಿಯಿತು. ಕಲ್ಯಾಣ ಕರ್ನಾಟಕ ಉತ್ಸವದ ದಿನ ಅದೇ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಇತಿಹಾಸ ಓದಿದಂತೆ. ಆಮೇಲಿನ ದಿನಗಳಲ್ಲಿ ಸಂಸ್ಥಾನದ ಹಲವು ಕಡೆ ರಜಾಕಾರರೊಂದಿಗೆ ಸಂಬಂಧವೇ ಇಲ್ಲದ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ಕೇಂದ್ರ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಪಕ್ಕದ ಕಲಬುರಗಿ, ಬೀದರ್ ಇದ್ದವು. ಠಾಣೆಯ ಕೆಲಸವನ್ನು ಒಂದು ಗುಂಪು ಕೈಗೆತ್ತಿಕೊಂಡಾಗ ಅದರ ಬೆಲೆಯನ್ನು ಎರಡೂ ಕಡೆಯ ಬಡವರು ತೆತ್ತದ್ದು ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ. ಈ ಪಾಠ ಓದುವಾಗ ನನಗೆ ಸೆಕ್ಷನ್‌ಗಿಂತ ಮೊದಲು ಇದು ನೆನಪಾಗುತ್ತದೆ.

ಸುಪ್ರೀಂ ಕೋರ್ಟ್ ಏನು ಹೇಳಿದೆ?

2018 ಮುಖ್ಯ ವರ್ಷ. ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ತೀರ್ಪು: ವಯಸ್ಕರಿಬ್ಬರು ಮದುವೆಯಾಗಲು ಮನೆಯವರ, ಕುಲದ, ಪಂಚಾಯಿತಿಯ ಒಪ್ಪಿಗೆ ಬೇಕಿಲ್ಲ. ಜುಲೈ 17ರಂದು ತೆಹಸೀನ್ ಪೂನಾವಾಲಾ ತೀರ್ಪು. ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ, ಅವರ ಜೊತೆ ಒಬ್ಬ ಡಿವೈಎಸ್‌ಪಿ, ವಿಶೇಷ ಕಾರ್ಯಪಡೆ, ಸ್ಥಳೀಯ ಗುಪ್ತಚರ ಘಟಕಗಳ ಜೊತೆ ತಿಂಗಳಿಗೊಮ್ಮೆಯಾದರೂ ಸಭೆ, ಸಂತ್ರಸ್ತರಿಗೆ ಪರಿಹಾರ ಯೋಜನೆ. ವಿಚಾರಣೆ ಸಾಧ್ಯವಾದಷ್ಟೂ ಆರು ತಿಂಗಳಲ್ಲಿ ಮುಗಿಯಬೇಕು. ಗೊತ್ತಿದ್ದೂ ಸುಮ್ಮನಿದ್ದ ಅಧಿಕಾರಿಯ ಮೇಲೆ ಇಲಾಖಾ ಕ್ರಮ. ಈಗ ನ್ಯಾಯ ಸಂಹಿತೆಯಲ್ಲೇ 103(2) ಇದೆ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ನಂಬಿಕೆಯಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಗಂಭೀರ ಗಾಯಕ್ಕೆ 117(4), ಏಳು ವರ್ಷದ ತನಕ.

ಎಲ್ಲಿ ಸೋರುತ್ತದೆ?

ಮಾವಿನಕೆರೆ ಸಮಸ್ಯೆಗೆ ವಾಪಸ್ ಬನ್ನಿ. 126, 127(2), 191(2), 79 ಎಲ್ಲ ಜಾಮೀನು ಸಿಗುವಂಥವು. ಏಳು ವರ್ಷದ ತನಕದ ಅಪರಾಧಗಳಿಗೆ ಬಂಧನವೇ ಮೊದಲ ಹೆಜ್ಜೆ ಆಗಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಅದಕ್ಕೇ ಸಂಜೆಗೆ ಮನೆ. ನಮಗೆ ಸಿಟ್ಟು ಬರುತ್ತದೆ, ನಿಜ. ಆದರೂ ಜಾಮೀನು ಬಿಗಿಗೊಳಿಸಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆ ನಿಯಮ ಕಾಪಾಡುವುದು ಸುಳ್ಳು ಕೇಸಿನಲ್ಲಿ ಸಿಕ್ಕ ಬಡವನನ್ನೂ.

ಜಾಮೀನುರಹಿತವಾದ 196 (ಗುಂಪುಗಳ ನಡುವೆ ದ್ವೇಷ ಬಿತ್ತುವುದು), 299 (ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದು) ಹಾಕಿದರೆ? ಅದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು, ಸುರಕ್ಷಾ ಸಂಹಿತೆಯ 217. ಅದು ಬರುವ ತನಕ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.

ದೊಡ್ಡ ತೂತು ಸಾಕ್ಷಿಯದು. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹುಡುಗಿಯರನ್ನು ಎಳೆದಾಡಿ ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 2018ರ ಮಾರ್ಚ್‌ನಲ್ಲಿ ಸಾಕ್ಷ್ಯಾಧಾರದ ಕೊರತೆಯಿಂದ ಆರೋಪಿಗಳು ಖುಲಾಸೆಯಾದರು. ಟಿವಿಯಲ್ಲಿ ಕಂಡದ್ದು ನ್ಯಾಯಾಲಯದಲ್ಲಿ ತಾನಾಗಿಯೇ ಸಾಕ್ಷ್ಯ ಆಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ರಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಹೇಳಿರುವ ಪ್ರಮಾಣಪತ್ರ ಬೇಕು, ಗುರುತು ಹೇಳುವವರು ಬೇಕು. ವಿಡಿಯೋ ಡಿಲೀಟ್ ಆಗುವ ಮೊದಲು ಮೊಬೈಲ್ ಜಪ್ತಿ ಆಗಬೇಕು. ಮಿರ್ಚಿ ಅಂಗಡಿಯವನ ಹೇಳಿಕೆಯನ್ನು ಅದೇ ದಿನ ಬರೆದುಕೊಳ್ಳಬೇಕು. ವಾರ ಬಿಟ್ಟು ಹೋದರೆ ಅವನೂ ಏನೂ ನೋಡಿಲ್ಲ ಅನ್ನಬಹುದು. ಅವನು ಅಲ್ಲೇ ದಿನಾ ವ್ಯಾಪಾರ ಮಾಡಬೇಕಲ್ಲ. ಸಾಕ್ಷಿ ರಕ್ಷಣೆಗೆ 2018ರ ಯೋಜನೆ ಇದೆ, ಸುರಕ್ಷಾ ಸಂಹಿತೆಯ 398 ಕೂಡ ಇದೆ. ಕೇಳಿದರಷ್ಟೇ ಅವು ಕೆಲಸಕ್ಕೆ ಬರುತ್ತವೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ? ಸಂಜ್ಞೇಯ ಅಪರಾಧ ಕಂಡರೆ ಎಫ್‌ಐಆರ್ ಕಡ್ಡಾಯ ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಸುರಕ್ಷಾ ಸಂಹಿತೆಯ 173(4) ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಹೈಕೋರ್ಟ್‌ನಲ್ಲಿ ರಿಟ್ ಹಾಕುವುದಾದರೆ ರಾಯಚೂರಿನವರು ಕಲಬುರಗಿ ಪೀಠಕ್ಕೆ, ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೆ.

ಅಭ್ಯಾಸಕ್ಕೆ

ಕೊಪ್ಪಳ ಜಿಲ್ಲೆಯ ರೈತನೊಬ್ಬ ದನದ ಸಂತೆಯಲ್ಲಿ ಎರಡು ಎತ್ತು ಕೊಂಡು, ಚೀಟಿ ಇಟ್ಟುಕೊಂಡು, ರಾತ್ರಿ ಟಾಟಾ ಏಸ್‌ನಲ್ಲಿ ಊರಿಗೆ ಹೊರಟಿದ್ದಾನೆ. ಏಳು ಜನ ಗಾಡಿ ಅಡ್ಡಗಟ್ಟಿ, ಚಾಲಕನ ಹೆಸರು ಕೇಳಿ, ಇಳಿಸಿ ಹೊಡೆದು, ಎತ್ತು ಬಿಚ್ಚುತ್ತಾರೆ. ತಾವು 2020ರ ರಾಜ್ಯ ಜಾನುವಾರು ಕಾಯ್ದೆ ಜಾರಿ ಮಾಡುತ್ತಿದ್ದೇವೆ, ಸೆಕ್ಷನ್ 40ರ ರಕ್ಷಣೆ ಇದೆ ಎನ್ನುತ್ತಾರೆ. ಉತ್ತರ ಬರೆಯುವಾಗ ಎರಡು ವಿಷಯ ಬಿಡಬೇಡಿ. ಆ ಕಾಯ್ದೆಯಲ್ಲಿ ತಪಾಸಣೆ, ಜಪ್ತಿ ಅಧಿಕಾರ ಇರುವುದು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸರಿಗೆ ಮತ್ತು ಸಕ್ಷಮ ಪ್ರಾಧಿಕಾರಕ್ಕೆ. ಇನ್ನು, ಅನುಮಾನ ಪಟ್ಟದ್ದು ಮತ್ತು ಕಣ್ಣೆದುರು ಅಪರಾಧ ನಡೆದದ್ದು ಒಂದೇ ಅಲ್ಲ. ಎಷ್ಟು ಸೆಕ್ಷನ್, ಅದರಲ್ಲಿ ಯಾವುದು ಸಂಜ್ಞೇಯ, ಯಾವುದು ಜಾಮೀನುರಹಿತ ಅಂತ ಪಕ್ಕದಲ್ಲೇ ಬರೆದುಕೊಂಡು ಬನ್ನಿ. ಮುಂದಿನ ಸಲ ಕೂತಾಗ ತಾಳೆ ನೋಡೋಣ.