ಪಲ್ಯ ಕೈಯಾಡಿಸುತ್ತಲೇ ಹೇಳಿದ ಉತ್ತರ

1914ರ ಡಿಸೆಂಬರ್. ಕೇಂಬ್ರಿಡ್ಜ್‌ನ ತಮ್ಮ ಕೋಣೆಯಲ್ಲಿ ರಾಮಾನುಜನ್ ಒಲೆಯ ಮುಂದೆ ಪಲ್ಯ ಕೈಯಾಡಿಸುತ್ತಿದ್ದರು. ಗೆಳೆಯ ಮಹಲನೋಬಿಸ್ 'ಸ್ಟ್ರ್ಯಾಂಡ್' ಪತ್ರಿಕೆಯ ಒಗಟೊಂದನ್ನು ಓದಿ ಹೇಳಿದರು. ಬೀದಿಯ ಒಂದೇ ಸಾಲಿನಲ್ಲಿ 1, 2, 3 ಎಂದು ನಂಬರು ಹಾಕಿದ ಮನೆಗಳು. ಒಂದು ಮನೆಯ ಎಡಕ್ಕಿರುವ ನಂಬರುಗಳನ್ನೆಲ್ಲ ಕೂಡಿದರೂ ಬಲಕ್ಕಿರುವುದನ್ನೆಲ್ಲ ಕೂಡಿದರೂ ಮೊತ್ತ ಒಂದೇ. ಮನೆಗಳು 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ. ಅದು ಯಾವ ಮನೆ?

ಮಹಲನೋಬಿಸ್ ಅಷ್ಟರಲ್ಲೇ ಒಂದು ಉತ್ತರ ಹುಡುಕಿಕೊಂಡಿದ್ದರು. ರಾಮಾನುಜನ್ ಕೊಟ್ಟದ್ದು ಒಂದು ಸತತ ಭಿನ್ನರಾಶಿ, ಅಂದರೆ ಛೇದದೊಳಗೆ ಮತ್ತೊಂದು ಭಿನ್ನರಾಶಿ, ಅದರ ಛೇದದೊಳಗೆ ಇನ್ನೊಂದು, ಹೀಗೆ ಸಾಗುವ ಸರಪಳಿ. ಆ ಬೀದಿಯದಷ್ಟೇ ಅಲ್ಲ, ಎಷ್ಟೇ ಉದ್ದದ ಬೀದಿಯ ಉತ್ತರವೂ ಅದರೊಳಗಿತ್ತು.

ಒಗಟಿನ ಬೇರು ಇರುವುದು 2ರ ವರ್ಗಮೂಲದಲ್ಲಿ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ: 1.41421... ಪೂರ್ಣಾಂಕ 1ನ್ನು ತೆಗೆದಿಡಿ. ಉಳಿದ 0.41421...ರಿಂದ 1ನ್ನು ಭಾಗಿಸಿ. ಬರುವುದು 2.41421... ಈಗ 2ನ್ನು ತೆಗೆದಿಟ್ಟರೆ ಉಳಿಯುವುದು ಮತ್ತದೇ 0.41421...! ಮುಂದೆಲ್ಲ 2, 2, 2 ಅಷ್ಟೇ. (ಕ್ಯಾಲ್ಕುಲೇಟರು ಕೊನೆಯ ಅಂಕಿಗಳನ್ನು ಕತ್ತರಿಸುವುದರಿಂದ ಒಂದಷ್ಟು ಸುತ್ತಿನ ನಂತರ ತಪ್ಪುತ್ತದೆ; ಕಾಗದದ ಮೇಲೆ ಬೀಜಗಣಿತದಲ್ಲಿ ಮಾಡಿದರೆ ತಪ್ಪುವುದಿಲ್ಲ.) ದಶಮಾಂಶದಲ್ಲಿ ತಲೆಬುಡ ತಿಳಿಯದ ಸಂಖ್ಯೆಗೆ ಇಷ್ಟು ಸರಳವಾದ ನಡೆ ಇದೆಯಲ್ಲ, ಅದು ನನಗೆ ಇವತ್ತಿಗೂ ಬೆರಗು.

ಹೀಗೆ ತೆಗೆದಿಟ್ಟ 1, 2, 2, 2... ಸೇರಿ ಆಗುವ ಸರಪಳಿಯನ್ನು ಒಂದೊಂದು ಕೊಂಡಿಗೆ ನಿಲ್ಲಿಸುತ್ತ ಹೋದರೆ 1+1/2=3/2, 1+1/(2+1/2)=7/5, ಮುಂದೆ 17/12, 41/29 ಸಿಗುತ್ತವೆ. ಹಾಗೇ ಸಾಗಿದರೆ 577/408. ಪ್ರಾಚೀನ ಭಾರತದ ರೇಖಾಗಣಿತ ಗ್ರಂಥವಾದ ಬೌಧಾಯನ ಶುಲ್ಬಸೂತ್ರದ ಲೆಕ್ಕವೂ ಇದೇ ಬೆಲೆಗೆ ಬಂದು ನಿಲ್ಲುತ್ತದೆ. ಈಗ ಅಂಶ ಛೇದಗಳನ್ನು ಗುಣಿಸಿ. 3×2=6. 8 ಮನೆಗಳ ಬೀದಿಯಲ್ಲಿ 6ನೆಯದು: ಎಡಕ್ಕೆ 1+2+3+4+5=15, ಬಲಕ್ಕೆ 7+8=15. 7×5=35, ಇದು 49 ಮನೆಗಳ ಬೀದಿ. 17×12=204, ಇದು 288 ಮನೆಗಳದು. ಪತ್ರಿಕೆ ಕೇಳಿದ್ದು ಈ 204ನ್ನೇ.

ಪೂರ್ಣವರ್ಗವಲ್ಲದ ಸಂಖ್ಯೆಗಳ ವರ್ಗಮೂಲದಿಂದ ತೆಗೆದಿಟ್ಟ ಪೂರ್ಣಾಂಕಗಳ ಪಟ್ಟಿ ಹೀಗೆ ಸುತ್ತಿ ಸುತ್ತಿ ಬರಲೇಬೇಕೆಂದು 1770ರಲ್ಲಿ ಗಣಿತಜ್ಞ ಲಗ್ರಾಂಜ್ ಸಾಧಿಸಿ ತೋರಿಸಿದರು. ಪೈ ಮಾತ್ರ ಈ ಜಾತಿಯದಲ್ಲ. ಅದರ ಪಟ್ಟಿ 3, 7, 15, 1, 292... ಮೊದಲ 7ಕ್ಕೆ ನಿಲ್ಲಿಸಿದರೆ ಶಾಲೆಯಲ್ಲಿ ಕಲಿತ 22/7. ಪಟ್ಟಿಯಲ್ಲಿ ದೊಡ್ಡ ಸಂಖ್ಯೆ ಬರುವ ಮುಂಚೆ ನಿಲ್ಲಿಸಿದರೆ ಬಿಟ್ಟುಹೋಗುವ ಚೂರು ತೀರ ಸಣ್ಣದು. ಹಾಗಾಗಿ 292ರ ಹಿಂದೆಯೇ ನಿಂತರೆ ಸಿಗುವ 355/113 ಆರು ದಶಮಾಂಶ ಸ್ಥಾನಗಳವರೆಗೆ ಸರಿ. ಚೀನಾದ ಝು ಚೊಂಗ್‌ಝಿ 5ನೆಯ ಶತಮಾನದಲ್ಲೇ ಈ ಭಿನ್ನರಾಶಿಯನ್ನು ಕಂಡುಕೊಂಡಿದ್ದರು.

292 ಆದ ಮೇಲೆ 1, 1, 1, 2, 1, 3, 1, 14... ಇದರಲ್ಲಿ ಒಂದು ಕ್ರಮ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ.