ನೆಟ್ಟ ಕಾಡಿನ ಲೆಕ್ಕ: ಚೀನಾದ್ದೆಷ್ಟು, ನಮ್ಮದೆಷ್ಟು?

'ಚೀನಾದವರು ನಮಗಿಂತ ಎಷ್ಟೋ ಜಾಸ್ತಿ ಕಾಡು ಬೆಳೆಸಿದ್ದಾರಂತೆ, ಹೌದಾ?' ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪದ ಕಡೆ ಕಾಫಿ ಬೆಳೆಗಾರರ ಜೊತೆ ಮಾತಿಗೆ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೌದು, ಬೆಳೆಸಿದ್ದಾರೆ. ಆದರೆ ಒಂದೇ ಅಂಕಿ ಹಿಡಿದು ಎರಡು ದೇಶಗಳನ್ನು ಹೋಲಿಸಲು ಹೊರಟರೆ ಎಡವುತ್ತೇವೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) 2020ರ ಅರಣ್ಯ ವರದಿ ನೋಡಿ. 1990ರಲ್ಲಿ ಚೀನಾದಲ್ಲಿ ನೆಟ್ಟ ಕಾಡು 4 ಕೋಟಿ ಹೆಕ್ಟೇರ್ ದಾಟಿತ್ತು. 2020ಕ್ಕೆ ಅದು ಸುಮಾರು 8.5 ಕೋಟಿ. ನಮ್ಮದು ಸುಮಾರು 57 ಲಕ್ಷದಿಂದ 1.33 ಕೋಟಿಗೆ ಬಂತು. ವಿಸ್ತೀರ್ಣದಲ್ಲಿ ಅವರೆಲ್ಲಿ, ನಾವೆಲ್ಲಿ! ಆದರೆ ಎಷ್ಟು ಪಟ್ಟು ಏರಿತು ಅಂತ ಕೇಳಿದರೆ ನಾವೇ ಮುಂದೆ. ಅವರದು ಹೆಚ್ಚುಕಡಿಮೆ ಎರಡು ಪಟ್ಟು, ನಮ್ಮದು ಎರಡೂಕಾಲು ಪಟ್ಟಿಗಿಂತ ಜಾಸ್ತಿ.

ಚೀನಾ ಸುಮ್ನೆ ಅಷ್ಟು ನೆಡಲಿಲ್ಲ. ಉತ್ತರದ ಮರಳುಗಾಡು ಹರಡದಂತೆ ತಡೆಯಲು 1978ರಿಂದಲೇ ಮರದ ಸಾಲು ಎಬ್ಬಿಸುತ್ತಾ ಬಂದಿದೆ. 1998ರ ಯಾಂಗ್ಟ್ಸೆ ಪ್ರವಾಹದ ನಂತರ ಸಹಜ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ಇಳಿಜಾರಿನ ಹೊಲ ಬಿಟ್ಟು ಗಿಡ ನೆಟ್ಟ ರೈತರಿಗೆ ಧಾನ್ಯ, ದುಡ್ಡು ಕೊಟ್ಟಿತು.

ನನ್ನ ಕಣ್ಣು ಹೋಗುವುದು ಪಕ್ಕದ ಸಾಲಿಗೆ, ಅಂದರೆ ಸಹಜವಾಗಿ ಬೆಳೆದ ಕಾಡಿನ ಅಂಕಿಗೆ. ಆ 30 ವರ್ಷದಲ್ಲಿ ಭಾರತದ ಒಟ್ಟು ಕಾಡು ಸುಮಾರು 82 ಲಕ್ಷ ಹೆಕ್ಟೇರ್ ಹೆಚ್ಚಿದೆ. ಅದರಲ್ಲಿ 75 ಲಕ್ಷ ನೆಟ್ಟಿದ್ದೇ! ಸಹಜ ಕಾಡು 5.8 ಕೋಟಿಯ ಆಸುಪಾಸಿನಲ್ಲೇ ನಿಂತಿದೆ. ಚೀನಾದಲ್ಲಿ ನೆಟ್ಟಿದ್ದರ ಜೊತೆಗೆ ಸಹಜ ಕಾಡೂ ಏರಿದೆ. ನಾವು ಚಿಂತೆ ಮಾಡಬೇಕಾದ ವ್ಯತ್ಯಾಸ ಇದು.

ಕಾಡು ಅಂದರೆ ಯಾವುದು ಅನ್ನುವ ಪ್ರಶ್ನೆಯೂ ಇದೆ. ಕೊಡಗಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನೆರಳಿನ ಮರದ ಕೆಳಗೆ ಕಾಫಿಯಂಥ ಬೆಳೆ ಇದ್ದರೆ ಎಫ್‌ಎಒ ನಿಯಮದಲ್ಲಿ ಅದು ಕಾಡಲ್ಲ, ಕೃಷಿ. ಆದರೆ ರಬ್ಬರ್ ತೋಟ ಕಾಡು! ನಮ್ಮ ಭಾರತೀಯ ಅರಣ್ಯ ಸರ್ವೇಕ್ಷಣೆಯ ಉಪಗ್ರಹಕ್ಕೆ ಜಾಗ ಯಾರದ್ದಾದರೂ ಒಂದೇ. ಒಂದು ಹೆಕ್ಟೇರ್, ಶೇ 10ರಷ್ಟು ಮರದ ಹೊದಿಕೆ ಇದ್ದರೆ ಸಾಕು, ಅರಣ್ಯ ಹೊದಿಕೆ ಎಂದು ಬರೆದುಕೊಳ್ಳುತ್ತದೆ. ಅದಕ್ಕೇ ಜಿಲ್ಲೆಯ ಮುಕ್ಕಾಲು ಭಾಗ ಹಸಿರು ಬಣ್ಣದಲ್ಲಿ ಕಾಣುವುದು. ಭಾರತ ಎಫ್‌ಎಒಗೆ ಕೊಟ್ಟ 7.2 ಕೋಟಿಗೂ ಸರ್ವೇಕ್ಷಣೆಯ 2019ರ 7.12 ಕೋಟಿ ಹೆಕ್ಟೇರಿಗೂ ಹೆಚ್ಚು ಅಂತರವಿಲ್ಲ. ಅಂದರೆ ಅಲ್ಲಿಗೆ ಹೋಗಿರುವುದೂ ಹೆಚ್ಚುಕಡಿಮೆ ಉಪಗ್ರಹದ ಲೆಕ್ಕವೇ.

ಒಂದು ಕಾಫಿ ತೋಟಕ್ಕೆ ಬನ್ನಿ. ಅತ್ತಿ, ನಂದಿ, ಬಳಂಜಿ, ಬೀಟೆ ಒಂದೊಂದಾಗಿ ಹೋಗಿ, ಆ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರುವ ತಾಪತ್ರಯವೂ ಕಡಿಮೆ. ಬೆಳೆಗಾರರನ್ನು ದೂರುವ ಹಾಗಿಲ್ಲ. ಆದರೆ ಅತ್ತಿ ಹಣ್ಣಿಗೆ ಬರುತ್ತಿದ್ದ ಹಕ್ಕಿ ಬರುವುದಿಲ್ಲ. ಹೊದಿಕೆ ಶೇ 10ರ ಮೇಲೇ ಇರುವುದರಿಂದ ಉಪಗ್ರಹದ ಲೆಕ್ಕದಲ್ಲಿ ಏನೂ ಕಳೆದಿಲ್ಲ!

ತಿತಿಮತಿ ಕಡೆಯ ತೇಗದ ನೆಡುತೋಪೂ ಹಾಗೆಯೇ. ಬೇಸಿಗೆಯಲ್ಲಿ ಎಲೆ ಉದುರಿ, ಬುಡದಲ್ಲಿ ಲಂಟಾನ ತುಂಬಿರುತ್ತದೆ. ಆನೆಗೆ ಅಲ್ಲಿ ಮೇವೆಲ್ಲಿ? ಅದು ತೋಟಕ್ಕೆ ಇಳಿಯುವುದಕ್ಕೆ ಇದೂ ಒಂದು ಕಾರಣ. ಒಂದೇ ಜಾತಿ, ಒಂದೇ ವಯಸ್ಸು, ಸಾಲು ಹಿಡಿದು ನೆಟ್ಟ ಇಂಥ ತೋಪನ್ನೂ ನೆಟ್ಟರೂ ಬಲಿತ ಮೇಲೆ ಸಹಜ ಕಾಡಿನಂತಾಗುವುದನ್ನೂ ಎಫ್‌ಎಒ ಬೇರೆ ಬೇರೆ ಎಣಿಸುತ್ತದೆ. ನಾವು ಹೋಲಿಸುವಾಗ ಎರಡನ್ನೂ ಒಂದೇ ಮೂಟೆಗೆ ಹಾಕುತ್ತೇವೆ, ಅಲ್ವಾ?

ಅಂಕಿ ಹುಡುಕುವ ವಿದ್ಯಾರ್ಥಿಗಳಿಗೆ ಎರಡು ಮಾತು. ಪ್ರತಿ ವರ್ಷ ಇಷ್ಟು ಹೆಕ್ಟೇರ್ ನೆಟ್ಟೆವು ಅನ್ನುವ ಲೆಕ್ಕಗಳನ್ನು ಕೂಡಿಸಿ ನೆಟ್ಟ ಕಾಡಿನ ವಿಸ್ತೀರ್ಣ ಅನ್ನಬೇಡಿ. ಸಸಿ ಸತ್ತ ಜಾಗದಲ್ಲಿ ಮತ್ತೆ ನೆಟ್ಟಿರುತ್ತಾರೆ, ಒಂದೇ ಗುಡ್ಡ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ಎಫ್‌ಎಒ ಪ್ರತಿ ಹೊಸ ವರದಿಯಲ್ಲೂ ಹಳೆಯ ವರ್ಷಗಳ ಅಂಕಿಯನ್ನು ತಿದ್ದುತ್ತದೆ. 2015ರ ವರದಿಯಲ್ಲಿರುವ 1990ರ ಅಂಕಿಯನ್ನು 2020ರ ವರದಿಯ ಅಂಕಿಯ ಪಕ್ಕ ಇಡಬೇಡಿ. ಎರಡೂ ದೇಶಕ್ಕೆ ಒಂದೇ ವರದಿ ಹಿಡಿಯಿರಿ, ಸಹಜ ಕಾಡಿನ ಸಾಲನ್ನೂ ಜೊತೆಗೇ ಬರೆದುಕೊಳ್ಳಿ.