ನೀಲಿ ಕಂಡಲ್ಲೆಲ್ಲ ಜವಳಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ಹೊಲಗಳ ಒಂದು ಉಪಗ್ರಹ ಚಿತ್ರ ಕಳಿಸಿ, ‘ನೀಲಿ ಬಂದಿದ್ದೆಲ್ಲ ಜವಳು ಅಂತ ಎಕರೆ ಲೆಕ್ಕ ಹಾಕಿಕೊಡಿ ಸರ್’ ಅಂತ ಕೇಳುವವರು ವರ್ಷಕ್ಕೆ ನಾಲ್ಕೈದು ಜನ ಸಿಗುತ್ತಾರೆ. ಜವಳು ಅಂದರೆ ಅಂತರ್ಜಲ ಬೇರಿನವರೆಗೆ ಏರಿ ಕೆಟ್ಟ ನೆಲ. ತಾರೀಕು ನೋಡಿದರೆ ಆಗಸ್ಟ್ ಕೊನೆ. ಆಗಷ್ಟೇ ಭತ್ತ ನಾಟಿ ಆಗಿರುತ್ತದೆ. ರೈತ ಬೇಕೆಂದೇ ನಿಲ್ಲಿಸಿದ ನೀರು ಅದು!

ನೀರು ಅತಿಗೆಂಪು ಬೆಳಕನ್ನು ನುಂಗುತ್ತದೆ, ಹಾಗಾಗಿ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆ ಕಪ್ಪಿಗೆ ನೀಲಿ ಬಣ್ಣ ಕೊಡುವವರು ನಾವು. ಸೆಂಟಿನೆಲ್-2 ಉಪಗ್ರಹ ಹತ್ತು ಮೀಟರಿನ ಚೌಕವನ್ನೂ ಬಿಡಿಸಿ ತೋರಿಸುತ್ತದೆ, ನಿಜ. ಆದರೆ ತೋರಿಸುವುದು ಮೇಲ್ಮೈಯನ್ನು ಮಾತ್ರ. ಜವಳು ಇರುವುದು ಕೆಳಗೆ. ಅಂತರ್ಜಲ ಎರಡು ಮೀಟರಿನೊಳಗೆ ಬಂದರೆ ಜವಳು ಅಂತ ನಮ್ಮಲ್ಲಿ ಲೆಕ್ಕ. ಮೇಲೆ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೂ ಬೇರಿನ ಬುಡದಲ್ಲಿ ನೀರು ನಿಂತಿರಬಹುದು. ‘ಹಾಗಾದರೆ ರೇಡಾರ್ ಚಿತ್ರ ತರಿಸೋಣ’ ಅನ್ನುತ್ತಾರೆ. ರೇಡಾರ್ ಮೋಡ ದಾಟುತ್ತದೆ. ನಮ್ಮ ಹಸಿ ಎರೆಮಣ್ಣಿನೊಳಗೆ ಕೆಲವು ಸೆಂಟಿಮೀಟರ್ ಇಳಿದರೆ ಹೆಚ್ಚು.

ನಾನು ಕೇಳುವುದು ಏಪ್ರಿಲ್-ಮೇ ಚಿತ್ರ, ಅದೂ ನಾಲ್ಕೈದು ವರ್ಷದ್ದು. ಕಾಲುವೆ ಬಂದ್ ಆಗಿ ಭತ್ತ ಕೊಯ್ದ ಮೇಲೂ ಹಸಿಯಾಗಿಯೇ ಇರುವ ತುಂಡು, ವರ್ಷ ವರ್ಷ ಅದೇ ಜಾಗದಲ್ಲಿ ಏಳುವ ಬಿಳಿ ಉಪ್ಪು, ಇವೆರಡರ ಮೇಲೆ ನನಗೆ ಅನುಮಾನ. ಬರೀ ಅನುಮಾನ. ಹುಲ್ಲು ಸುಟ್ಟ ಗದ್ದೆಯೂ ಹಸಿ ನೆಲದ ಹಾಗೆ ಕಪ್ಪಗೇ ಕಾಣುತ್ತದೆ ನೋಡಿ.

ನಕ್ಷೆ ಬಂದ ಕೂಡಲೇ ನೀರು ಬಸಿಯಲೆಂದು ಹೊಲದಡಿ ರಂಧ್ರದ ಪೈಪು ಹೂಳಲು ಹೊರಡುವವರಿಗೂ ಒಂದು ಮಾತು: ಊರಿನ ಬಸಿಗಾಲುವೆಯಲ್ಲಿ ಆಳೆತ್ತರ ಜೊಂಡು ಬೆಳೆದಿದ್ದರೆ ಆ ಪೈಪಿನ ನೀರು ಹೋಗುವುದೆಲ್ಲಿಗೆ? ಮೊದಲು ಆ ಜೊಂಡು ತೆಗೆಸಿ. ಕಾಲುವೆಯ ಮೇಲ್ಭಾಗದ ರೈತರು ಭತ್ತಕ್ಕೆ ಬಿಡುವ ನೀರಿನ ಮಾತನ್ನೂ ಆಡಲೇಬೇಕು, ಕಷ್ಟವಾದರೂ.

ಕಾರಟಗಿ ಕಡೆ ಒಬ್ಬ ಅಜ್ಜ ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿ, ಒಂದು ಹಸಿರು ತುಂಡಿನ ಮೇಲೆ ಬೆರಳಿಟ್ಟ. ‘ಇದು ನಮ್ಮ ಹೊಲ ಅಲ್ಲೇನ್ರೀ? ಇಲ್ಲಿ ಬೆಳಿ ಎಲ್ಲೈತ್ರೀ ಸಾಹೇಬ್ರ, ಜಾಲಿ ಬೆಳದೈತಿ.’ ಹೋಗಿ ನೋಡಿದೆವು. ಬಳ್ಳಾರಿ ಜಾಲಿ, ತಗ್ಗಿನಲ್ಲಿ ಜೊಂಡು. ಸಂಜೆ ಆಗರಿನಲ್ಲಿ, ಅಂದರೆ ಮಣ್ಣು ಕೊರೆಯುವ ಬೈರಿಗೆಯಲ್ಲಿ, ಒಂದು ಕುಳಿ ತೋಡಿ ಬಂದೆವು. ಬೆಳಿಗ್ಗೆ ಟೇಪು ಇಳಿಸಿದರೆ ಮೂರು ಅಡಿಗೇ ನೀರು. ನಕ್ಷೆಯಲ್ಲಿ ಆ ತುಂಡಿಗೆ ನಾನೇ ಬರೆದಿದ್ದೆ: ‘ಉತ್ತಮ ಬೆಳೆ’.